ಕೋವಿಯ ಮೇಲಿನ ಬರಹ ನಂಬಿ ಕಣ್ಣು ಕಳೆದುಕೊಳ್ಳುವುದರಲ್ಲಿದ್ದೆ

ಹೋದ ಅಕ್ಟೋಬರಿನಲ್ಲಿ ನನ್ನ ಬಲಗಣ್ಣು ಉಳಿದದ್ದು ಒಂದು ಅಗ್ಗದ ಪ್ಲಾಸ್ಟಿಕ್ ಕನ್ನಡಕದಿಂದ. ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರ ಕೈಗಾದರೂ ಹಿರಿಯರ ಕಾಲದ ಮಿಲಿಟರಿ ರೈಫಲ್ ಬಂದಿದ್ದರೆ, ಅದನ್ನೇ ಹಿಡಿದು ಜಿಂಕೆ ಶಿಕಾರಿಗೆ ಹೊರಡುವ ಆಸೆ ಇದ್ದರೆ, ಹೊರಡುವ ಮೊದಲು ಇದನ್ನೊಮ್ಮೆ ಓದಿ.

ನಾನು ಕೊಡಗಿನವನು. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗಳನ್ನು ಒರೆಸಿ, ಸಾಲಾಗಿ ಒರಗಿಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿಯೇ ಬೆಳೆದದ್ದು. ಆದರೆ ಶಿಕಾರಿ ನಾನು ಹುಟ್ಟುವ ಹೊತ್ತಿಗೇ ಕಥೆಯಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮನೆಯ ಜೋಡುನಳಿಗೆಗೆ ಉಳಿದದ್ದು ಹಬ್ಬದ ಈಡು ಮಾತ್ರ. ಹಾಗಾಗಿ ಕೋವಿ ಗೊತ್ತು ಅನ್ನುವ ಜಂಬ ಇತ್ತು, ರೈಫಲ್ ಗೊತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಅಂತ ಆಗ ಯಾರು ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ ಬಿಡಿ.

ನನ್ನ ಹೆಂಡತಿ ಪೆನ್ಸಿಲ್ವೇನಿಯಾದವಳು. ಅವಳ ಅಜ್ಜ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಡೆ ಇದ್ದವರು, ಬರುವಾಗ ಒಂದು ಜಪಾನಿ ರೈಫಲ್ ತಂದಿದ್ದರು. ಮನೆ ಖಾಲಿ ಮಾಡುವಾಗ ಮಾವ ಅದನ್ನು ನನ್ನ ಕೈಗಿಟ್ಟು, "ನಿಮ್ಮ ಮನೆಯಲ್ಲಿ ಕೋವಿಗೆ ಪೂಜೆ ಮಾಡ್ತಾರಂತಲ್ಲ, ಇದು ನಿನಗೇ ಇರಲಿ" ಅಂದರು. ಜೊತೆಗೆ ತುಕ್ಕು ಹಿಡಿದ ಒಂದು ಬಿಸ್ಕತ್ ಡಬ್ಬಿ, ಅದರ ತುಂಬ ಬಳಸಿ ಬಿಟ್ಟ ಖಾಲಿ ತೋಟೆಗಳು. ಆ ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗುರುತು ಹಿಡಿಯುವ ಕೆಲಸ ಖುಷಿಯಿಂದಲೇ ಮಾಡಿದೆ. ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡಿನ, ಮೇಲ್ಭಾಗದಲ್ಲಿ ಚಕ್ರವರ್ತಿಯ ಲಾಂಛನ, ಹದಿನಾರು ಎಸಳಿನ ಸೇವಂತಿಗೆ ಇರಬೇಕಾದ ಕಡೆ ಅರ ಹಾಕಿ ಉಜ್ಜಿದ ಗಾಯ. ಯುದ್ಧ ಸೋತ ಮೇಲೆ ಒಪ್ಪಿಸಿದ ಎಷ್ಟೋ ರೈಫಲ್‌ಗಳಲ್ಲಿ ಹೀಗೇ ಇರುತ್ತದೆ. ಅದರ ಕೆಳಗೆ ಮೂರು ಜಪಾನಿ ಅಕ್ಷರ: ಒಂಬತ್ತು, ಒಂಬತ್ತು, ಮಾದರಿ. ಅಂದರೆ ಟೈಪ್ 99 ಅರಿಸಾಕ. ಜಪಾನಿನ ಚಕ್ರವರ್ತಿ ಶಕೆಯ 2599, ನಮ್ಮ ಲೆಕ್ಕದ 1939, ಆ ವರ್ಷದ ಕೊನೆಯ ಎರಡು ಅಂಕಿ. ಅದರ ತೋಟೆ 7.7×58, ಅಂದರೆ ನಳಿಗೆಯ ಒಳ ಅಗಲ ಸುಮಾರು 7.7 ಮಿಲಿಮೀಟರ್, ಖಾಲಿ ತೋಟೆಯ ಉದ್ದ 58 ಮಿಲಿಮೀಟರ್. ಇದಕ್ಕಿಂತ ಹಳೆಯ ಟೈಪ್ 38ರದ್ದು 6.5. ನಳಿಗೆಯ ಬಾಯಿ ನೋಡಿದರೇ ವ್ಯತ್ಯಾಸ ತಿಳಿಯುತ್ತದೆ. ಜಪಾನಿನಲ್ಲಿ ಶಾಲೆ ಹುಡುಗರ ಕವಾಯತಿಗೆಂದು ಮಾಡಿದ, ನೋಡಲು ಅಸಲಿನಂತೆಯೇ ಇರುವ ರೈಫಲ್‌ಗಳೂ ಇವೆ. ಅವುಗಳ ನಳಿಗೆಯೊಳಗೆ ಸುರುಳಿ ಗೀರುಗಳೇ ಇಲ್ಲ, ಬರಿ ಸದ್ದಿನ ತೋಟೆಗೆ ಮಾತ್ರ ತಡೆಯುವ ಲೋಹ. ಅಂಥದ್ದರಲ್ಲಿ ನಿಜವಾದ ಗುಂಡು ಹಾರಿಸಿದರೆ ಮುಗಿಯಿತು. ಟಾರ್ಚ್ ಬಿಟ್ಟು ನೋಡಿದೆ, ನನ್ನದರಲ್ಲಿ ಗೀರುಗಳು ಚೆನ್ನಾಗಿದ್ದವು. ಪರೀಕ್ಷೆ ಪಾಸಾದೆ ಅಂದುಕೊಂಡೆ.

ಹತ್ತಿರದ ಅಂಗಡಿಯವನು ನನ್ನ ಫೋನಿನಲ್ಲಿದ್ದ ಫೋಟೋ ನೋಡಿ, "ಹೌದು, 99" ಅಂದು ಒಂದು ಪೆಟ್ಟಿಗೆ ತೋಟೆ ಕೊಟ್ಟ. ಶಿಕಾರಿಯದ್ದೇ, ಮುಂತುದಿ ಅರಳುವಂಥದ್ದು. ಪೂರ್ತಿ ಲೋಹ ಹೊದಿಸಿದ ಮಿಲಿಟರಿ ಗುಂಡಿನಲ್ಲಿ ಇಲ್ಲಿ ಜಿಂಕೆ ಹೊಡೆಯುವ ಹಾಗಿಲ್ಲ. ರೈಫಲ್ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ. ಅಷ್ಟರಲ್ಲಿ ಗುರಿ ಕೂರಿಸಿಕೊಳ್ಳೋಣ ಅಂತ ರೇಂಜಿಗೆ ಹೋದೆ.

ಮೊದಲ ಈಡು. ಸದ್ದು ಎಂದಿನಂತೆ ಠಪ್ ಅನ್ನಲಿಲ್ಲ, ಹಿಂದಕ್ಕೆ ಬುಸ್ ಅಂದ ಹಾಗಿತ್ತು. ಕೆನ್ನೆಗೆ ಬಿಸಿ ಗಾಳಿ, ಒಗ್ಗರಣೆ ಸಿಡಿದ ಹಾಗೆ ಚುರುಚುರು. ಕನ್ನಡಕ ತೆಗೆದು ನೋಡಿದರೆ ಬಲಗಾಜಿನ ತುಂಬ ಕಪ್ಪು ಚುಕ್ಕಿ, ಎರಡು ಕಡೆ ಹಿತ್ತಾಳೆಯ ಚೂರು ಕಚ್ಚಿಕೊಂಡಿತ್ತು. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕೈಗೆ ಬಗ್ಗಲಿಲ್ಲ. ರೇಂಜಿನ ಮೇಲ್ವಿಚಾರಕರು ಎಲ್ಲರಿಗೂ ನಿಲ್ಲಿಸಲು ಕೂಗಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆದರು. ಹೊರಗೆ ಬಂದ ತೋಟೆಗೆ ಕತ್ತು, ಅಂದರೆ ಗುಂಡನ್ನು ಹಿಡಿಯುವ ಕಿರಿದಾದ ತುದಿ, ಇರಲೇ ಇಲ್ಲ ಅನ್ನಬೇಕು. ಭುಜ ಮುಂದಕ್ಕೆ ಉಬ್ಬಿ, ಪಕ್ಕದಲ್ಲಿ ಉಗುರಿನಷ್ಟು ಉದ್ದದ ಸೀಳು.

ಆಮೇಲೆ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಒಬ್ಬರ ಹತ್ತಿರ ಒಯ್ದೆ. ಅವರು ಬರಹ, ಮುದ್ರೆ ಒಂದನ್ನೂ ನೋಡಲಿಲ್ಲ. ಸೆರೋಸೇಫ್ ಅನ್ನುವ ಮಿಶ್ರಲೋಹ ಇದೆ, ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ. ಅದನ್ನು ಚೇಂಬರಿಗೆ ಹೊಯ್ದು, ಗಟ್ಟಿಯಾದ ಮೇಲೆ ಮೆಲ್ಲಗೆ ತಳ್ಳಿ ತೆಗೆದರು. ಅದು ಮೊದಲು ಕುಗ್ಗಿ, ಆಮೇಲೆ ಹಿಗ್ಗಿ, ಸುಮಾರು ಒಂದು ಗಂಟೆಗೆ ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ. ಆ ಒಂದು ಗಂಟೆ ಕಾಫಿ ಕುಡಿಯುತ್ತಾ ಕೂತೆವು. ಅಳೆದರೆ 63 ಮಿಲಿಮೀಟರಿನ ತೋಟೆಯ ಅಚ್ಚು. 7.7 ಅಲ್ಲವೇ ಅಲ್ಲ. ಅಮೆರಿಕದ ಸೇನೆಯ 30-06, ಇಲ್ಲಿಯವರ ಬಾಯಲ್ಲಿ ಥರ್ಟಿ-ಆಟ್-ಸಿಕ್ಸ್.

ಯುದ್ಧ ಮುಗಿದ ಮೇಲೆ ಅಮೆರಿಕದ ಅಂಗಡಿಗಳಲ್ಲಿ ಜಪಾನಿ ತೋಟೆ ಎಲ್ಲಿ ಸಿಗಬೇಕು? 30-06 ಎಲ್ಲೆಡೆ ಸಿಗುತ್ತಿತ್ತು. ಅದಕ್ಕೆ ಚೇಂಬರನ್ನೇ ಕೊರೆಸಿ ಉದ್ದ ಮಾಡಿಸಿಕೊಂಡವರು ಬಹಳ ಜನ. ಮಾಡಿಸಿದವರಿಗೆ ಗೊತ್ತಿದ್ದರೆ ಸಾಕಿತ್ತು, ಮೇಲೆ ಗುರುತು ಹಾಕಬೇಕೆಂದು ಎಷ್ಟೋ ಜನರಿಗೆ ಅನ್ನಿಸಲೇ ಇಲ್ಲ. ನನ್ನ ಕುಳ್ಳು ತೋಟೆಗೆ ಮುಂದೆ ಒರಗಲು ಏನೂ ಇರಲಿಲ್ಲ. ಖಾಲಿ ತೋಟೆಯನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಹಿಂದಿನಿಂದ ಹಿಡಿದುಕೊಂಡಿದ್ದರಿಂದ ಸಿಡಿಯಿತು, ಹಿತ್ತಾಳೆ ಖಾಲಿ ಜಾಗಕ್ಕೆ ಉಬ್ಬಿ ಒಡೆಯಿತು, ಅನಿಲ ಹಿಂದಕ್ಕೆ ನುಗ್ಗಿತು. ಅರಿಸಾಕದ ಉಕ್ಕು ಗಟ್ಟಿ, ಅನಿಲ ಹೊರಹೋಗಲು ರಂಧ್ರವೂ ಇದೆ, ಅದಕ್ಕೇ ಇಷ್ಟರಲ್ಲಿ ಮುಗಿಯಿತು ಅಂದರು ಆತ. ಹಾಗಾದರೆ 30-06 ಹಾಕಿದರೆ ಸರಿಯೇ ಅಂತ ಕೇಳಿದೆ. ಆ ಗುಂಡಿನ ದಪ್ಪ 7.82 ಮಿಲಿಮೀಟರ್, ಈ ನಳಿಗೆಯ ಗೀರುಗಳನ್ನು ತುಂಬಲು ಬೇಕಾದದ್ದು 7.9. ಸಡಿಲ, ಗುರಿ ಎಲ್ಲೋ ಈಡು ಎಲ್ಲೋ ಆಗುತ್ತದೆ. ಪ್ರಾಣಿಯನ್ನು ಗಾಯ ಮಾಡಿ ಕಾಡಿಗೆ ಅಟ್ಟುವುದಕ್ಕೆ ಇಷ್ಟು ಸಾಕು. ಬೇಡ ಅಂದುಬಿಟ್ಟರು. ನಾನೂ ಕೇಳಿಸಿಕೊಂಡೆ, ಆ ವರ್ಷ ಬೇರೆಯವರ ರೈಫಲ್ ಎರವಲು ತಂದೆ.

ಹಾಗಾಗಿ ನಿಮ್ಮಲ್ಲಿರುವುದು ಮೌಸರ್ ಇರಲಿ, ಎನ್‌ಫೀಲ್ಡ್ ಇರಲಿ, ಮೇಲಿನ ಮುದ್ರೆ ಹೇಳುವುದು ಕಾರ್ಖಾನೆ ಬಿಟ್ಟ ದಿನದ ಸಂಗತಿ. ಆಮೇಲೆ ಯಾರ ಗ್ಯಾರೇಜಿನಲ್ಲಿ ಏನಾಯಿತು ಅನ್ನುವುದನ್ನು ಅದು ಹೇಳುವುದಿಲ್ಲ. ಅಚ್ಚು ತೆಗೆಸದೆ ಒಂದು ತೋಟೆಯನ್ನೂ ಒಳಗೆ ಹಾಕಬೇಡಿ. ಇನ್ನೊಂದು, ಎಚ್-1ಬಿ ಥರದ ವೀಸಾದಲ್ಲಿರುವವರಿಗೆ: ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ನಿಮ್ಮ ಬಳಿ ಕೋವಿ ಇದ್ದರೆ ಅದು ಫೆಡರಲ್ ಅಪರಾಧ. ಉಡುಗೊರೆ ಅಂದರೂ ಬಿಡುವುದಿಲ್ಲ.

ಈಗ ಆ ಬಿಸ್ಕತ್ ಡಬ್ಬಿ. ಮನೆಗೆ ಬಂದು ಮೇಜಿನ ಮೇಲೆ ಸುರಿದೆ. ಒಂದೊಂದರ ಬುಡದಲ್ಲೂ 30-06 ಅಂತ ಅಚ್ಚು. ಬುಡದ ಹತ್ತಿರ ಎಲ್ಲವೂ ಒಂದೇ ಥರ ಚೂರು ಉಬ್ಬಿದ್ದವು. ಬೇರೆ ಯಾವುದೋ ಕೋವಿಯದ್ದಿರಬೇಕು ಅಂತ ಅಟ್ಟಕ್ಕೆ ಹಾಕಿದ್ದೆ. ಆ ಭಾನುವಾರ ಊಟಕ್ಕೆ ಬಂದ ಮಾವನಿಗೆ ಅದನ್ನೂ ನನ್ನ ಸೀಳಿದ ತೋಟೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಓ, ಅಪ್ಪ ಅದನ್ನು ಆಚೆ ಬೀದಿಯ ಲೇತ್‌ನವನ ಹತ್ತಿರ ಕೊರೆಸಿದ್ದರಲ್ಲ, ನಾನೇ ಜೊತೆಗೆ ಹೋಗಿದ್ದೆ" ಅಂದರು. "ನೀನು ಕೇಳಲೇ ಇಲ್ಲ."