ಅಮೆರಿಕದ ಮರುಭೂಮಿಗೆ ಮೂರು ಪುಸ್ತಕಗಳು: ಯಾವುದು ಯಾರಿಗೆ?

ಅಮೆರಿಕದ ಮರುಭೂಮಿಯ ಓದನ್ನು ಮೇರಿ ಆಸ್ಟಿನ್ ಅವರ ‘ದ ಲ್ಯಾಂಡ್ ಆಫ್ ಲಿಟಲ್ ರೇನ್’ (1903), ವಿಲಾ ಕ್ಯಾದರ್ ಅವರ ‘ಡೆತ್ ಕಮ್ಸ್ ಫಾರ್ ದಿ ಆರ್ಚ್‌ಬಿಷಪ್’ (1927), ಎಡ್ವರ್ಡ್ ಆಬಿ ಅವರ ‘ಡೆಸರ್ಟ್ ಸಾಲಿಟೇರ್’ (1968), ಈ ಮೂರರಲ್ಲಿ ಯಾವುದರಿಂದ ಆರಂಭಿಸಬೇಕೆಂಬುದು ಪ್ರಶ್ನೆ.

ನೆಲವನ್ನೇ ಹತ್ತಿರದಿಂದ ನೋಡಬೇಕೆನ್ನುವವರಿಗೆ ಆಸ್ಟಿನ್ ಸೂಕ್ತ. ಸಣ್ಣ ಪ್ರಾಣಿಗಳು ನೀರಿನ ಸೆಲೆಯತ್ತ ಸವೆಸಿದ ಕಾಲುಹಾದಿಗಳನ್ನು ಅವರು ಇಲಿ, ಅಳಿಲುಗಳ ಕಣ್ಣಿನ ಮಟ್ಟಕ್ಕೆ ಬಾಗಿ ಓದಿದಂತೆ ವಿವರಿಸುತ್ತಾರೆ. 14 ಬಿಡಿ ಪ್ರಬಂಧಗಳಿರುವುದರಿಂದ ದಿನಕ್ಕೊಂದು ಓದಬಹುದಾದರೂ, ಹಳೆಯ ಕಾಲದ ಇಂಗ್ಲಿಷು ತಾಳ್ಮೆ ಬೇಡುತ್ತದೆ.

ಆಬಿ ಅವರದು ಇದಕ್ಕೆ ವ್ಯತಿರಿಕ್ತವಾದ ಬಿರುಸಿನ, ಜಗಳಗಂಟ ಗದ್ಯ. ಯೂಟಾ ರಾಜ್ಯದ ಆರ್ಚಸ್ ಎಂಬ ಸಂರಕ್ಷಿತ ಪ್ರದೇಶದಲ್ಲಿ ಕಾವಲುಗಾರರಾಗಿದ್ದ (ರೇಂಜರ್) ಅವರು, ವಿಷದ ಬುಡುಬುಡಿಕೆ ಹಾವುಗಳನ್ನು (ರ‍್ಯಾಟಲ್‌ಸ್ನೇಕ್) ದೂರವಿಡಲೆಂದು ತಮ್ಮ ಟ್ರೇಲರ್‌ನಲ್ಲಿ ವಿಷವಿಲ್ಲದ ಹಾವೊಂದನ್ನು ಇರಿಸಿಕೊಂಡ ಪ್ರಸಂಗವೊಂದೇ ಓದುಗನನ್ನು ಹಿಡಿದಿಡಲು ಸಾಕು. ರಸ್ತೆ, ಪ್ರವಾಸೋದ್ಯಮಗಳ ಮೇಲಿನ ಅವರ ಸಿಟ್ಟು ಕೆಲವೆಡೆ ಅತಿಯೆನಿಸುತ್ತದೆ. ನನಗಂತೂ ಅದೇ ರುಚಿಸಿತು.

ಕಥೆ, ಪಾತ್ರಗಳಿಲ್ಲದೆ ಓದು ಸಾಗದವರು ನ್ಯೂ ಮೆಕ್ಸಿಕೋದ ಪಾದ್ರಿಗಳ ಕುರಿತ ಕ್ಯಾದರ್ ಕಾದಂಬರಿಯನ್ನೇ ಎತ್ತಿಕೊಳ್ಳಲಿ. ಭಾಷೆ ತಿಳಿಯಾಗಿದೆ, ಆದರೆ ಬಿಗಿಯಾದ ಕಥಾನಕವನ್ನು ನಿರೀಕ್ಷಿಸಬಾರದು.

ಖರ್ಚಿನ ಮಾತಿಗೆ ಬಂದರೆ, ಅಮೆರಿಕದಲ್ಲಿ ಆಸ್ಟಿನ್, ಕ್ಯಾದರ್ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಲ್ಲಿ ಅವನ್ನು ಉಚಿತವಾಗಿ ಓದಬಹುದು; ಆಬಿ ಅವರ ಪುಸ್ತಕವನ್ನು ಕೊಳ್ಳಬೇಕು ಇಲ್ಲವೆ ಗ್ರಂಥಾಲಯದಿಂದ ತರಬೇಕು.