ಇಂಕು ಕಲೆಗೆ ಲಿಂಬು, ಹಾಲು, ಬಿಂಬಲ, ಅಂಟವಾಳ: ಯಾವುದು ಯಾವ ಪೆನ್ನಿಗೆ?

ಮಗ ಐದನೇ ಕ್ಲಾಸಿಗೆ ಬಂದ ಮೇಲೆ ಶಾಲೆಯಲ್ಲಿ ಇಂಕು ಪೆನ್ನೇ ಕಡ್ಡಾಯ ಆಯಿತು. ಅಂಗಿಯೋ ಅಚ್ಚ ಬಿಳಿ. ಮನೆಯಲ್ಲಿ ಇರುವುದು ಎರಡೇ ಜೊತೆ. ಮಳೆಗಾಲದಲ್ಲಿ ನಮ್ಮ ಕುಮಟೆಯಲ್ಲಿ ಒಗೆದ ಬಟ್ಟೆ ಒಣಗಲು ಎರಡು ದಿನ ಬೇಕು, ಗಾಳಿ ಇಲ್ಲದಿದ್ದರೆ ಮೂರು. ಹೀಗಿರುವಾಗ ಜೇಬಿನಲ್ಲಿ ಪೆನ್ನು ಸೋರಿದರೆ ಎಷ್ಟು ಕಷ್ಟ ಅಂತ ಮಕ್ಕಳ ಬಟ್ಟೆ ಒಗೆಯುವವರಿಗೆಲ್ಲ ಗೊತ್ತು.

ಒಬ್ಬರು ಲಿಂಬು ಅನ್ನುತ್ತಾರೆ, ಒಬ್ಬರು ಹಾಲು ಅನ್ನುತ್ತಾರೆ. ಅತ್ತೆಯದು ಬಿಂಬಲಕಾಯಿ. ಶಿರಸಿ ಕಡೆಯ ನನ್ನ ಆಯಿಗೆ ಎಲ್ಲದಕ್ಕೂ ಅಂಟವಾಳವೇ. ಎಲ್ಲರೂ ಅನುಭವದಿಂದಲೇ ಹೇಳುತ್ತಾರೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಯಾಕೆ ಹೀಗೆ ಅಂತ ನೋಡಲೇಬೇಕು ಅನ್ನಿಸಿತು. ಕಳೆದ ಮಳೆಗಾಲದಲ್ಲಿ ಒಂದು ಹಳೇ ಬಿಳಿ ಕಾಟನ್ ಪಂಚೆಯನ್ನು ಅಂಗೈ ಅಗಲದ ತುಂಡು ಮಾಡಿದೆ. ಇಂಕು ಪೆನ್ನು, ಬಾಲ್ ಪೆನ್ನು, ಜೆಲ್ ಪೆನ್ನು, ಮೂರರಿಂದಲೂ ಗೀಚಿ ಒಂದು ತಾಸು ಹಾಗೇ ಬಿಟ್ಟೆ. ಆಮೇಲೆ ಒಂದೊಂದು ತುಂಡಿಗೆ ಒಂದೊಂದು ಮದ್ದು.

ಎರಡು ದಿನದಲ್ಲಿ ಉತ್ತರ ಸಿಕ್ಕಿತು. ಮದ್ದು ಹುಡುಕುವ ಮೊದಲು ಪೆನ್ನು ಯಾವುದು ಅಂತ ಕೇಳಬೇಕು. ಇಂಕು ಪೆನ್ನಿನ ಶಾಯಿ ನೀರಿನಲ್ಲಿ ಕರಗಿದ ಬಣ್ಣ. ಬಾಲ್ ಪೆನ್ನಿನದು ಎಣ್ಣೆಯ ಹಾಗೆ ಅಂಟಂಟು, ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೆಲ್ ಪೆನ್ನಿನಲ್ಲಿ ನೀರೇನೋ ಇರುತ್ತದೆ. ಆದರೆ ಅನೇಕ ಜೆಲ್‌ಗಳಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಆ ಪುಡಿ ನೂಲಿನ ಒಳಗೆ ಹೋಗಿ ಕೂತುಬಿಡುತ್ತದೆ.

ಮೊದಲು ಲಿಂಬು. ಅರ್ಧ ಲಿಂಬು, ಮೇಲೆ ಸಾಣಿಕಟ್ಟಾದ ಕಲ್ಲುಪ್ಪು. ಗೋಕರ್ಣದ ಹತ್ತಿರದ ಈ ಉಪ್ಪು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಹರಳು ದಪ್ಪ, ಹಾಗಾಗಿ ಒರಟಾಗಿ ಉಜ್ಜಬೇಡಿ, ನೂಲು ಏಳುತ್ತದೆ. ಸುಮ್ನೆ ಕಲೆಯ ಮೇಲೆ ಒತ್ತಿ ಇಟ್ಟರೆ ಸಾಕು. ನೀಲಿ ಶಾಯಿ ಅರ್ಧ ಗಂಟೆಯಲ್ಲಿ ತಿಳಿ ಆಯಿತು. ಎರಡನೇ ಸಲ ಹಾಕಿದಾಗ ಹುಡುಕಿದರೆ ಮಾತ್ರ ಕಾಣುವಷ್ಟು ಉಳಿಯಿತು. ಬಾಲ್ ಪೆನ್ನಿನ ಗೆರೆ ಮಾತ್ರ ಇದ್ದ ಹಾಗೇ ಇತ್ತು. ಇನ್ನೊಂದು ಮಾತು. ಲಿಂಬು ಹಚ್ಚಿ ಬಿಸಿಲಿಗೆ ಹಾಕಿದರೆ ಬಿಳಿ ಬಟ್ಟೆ ಇನ್ನೂ ಬೆಳ್ಳಗಾಗುತ್ತದೆ, ನಿಜ. ಬಣ್ಣದ ಬಟ್ಟೆಗೆ ಹೀಗೆ ಮಾಡಿದರೆ ಆ ಜಾಗ ಮಾಸಿ ಹೋಗುತ್ತದೆ.

ಹಾಲಿನ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ರಾತ್ರಿ ಇಡೀ ನೆನೆಸಿಟ್ಟೆ. ಬೆಳಿಗ್ಗೆ ಹಾಲೆಲ್ಲ ತಿಳಿ ನೀಲಿ. ಶಾಯಿ ಕಲೆ ಮುಕ್ಕಾಲು ಪಾಲು ಹೋಗಿತ್ತು. ಬಾಲ್ ಪೆನ್ನಿನದೂ ಸ್ವಲ್ಪ ಮಂಕಾಗಿತ್ತು. ಹಾಲಿನ ಜಿಡ್ಡು ಅದನ್ನು ಸ್ವಲ್ಪವಾದರೂ ಸಡಿಲ ಮಾಡುತ್ತದೆ, ಅದಕ್ಕೇ ಇರಬೇಕು. ಆದರೆ ಒಂದು ಅಂಗಿಗೆ ಅರ್ಧ ಲೀಟರ್ ಹಾಲು ಸುರಿಯಲು ನನಗೆ ಮನಸ್ಸು ಬರುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ವಾಸನೆ ಬೇರೆ. ಮಳೆಗಾಲದಲ್ಲಿ ಆ ವಾಸನೆ ಬೇಗ ಹೋಗುವುದೂ ಇಲ್ಲ. ಹುಳಿ ಮಜ್ಜಿಗೆ ಇದಕ್ಕಿಂತ ಅಗ್ಗ, ಕೆಲಸ ಮಾತ್ರ ಇದಕ್ಕಿಂತ ಕಡಿಮೆ. ಅಡುಗೆ ಸೋಡಾ ಕಲಸಿ ಹಚ್ಚಿದ್ದರಿಂದ ಮೂರೂ ಕಲೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮುರುಗಲ ಹುಳಿಯನ್ನು ಹತ್ತಿರಕ್ಕೂ ತರಲಿಲ್ಲ. ಅದರ ಕೆಂಪು ಕಲೆಯನ್ನು ಮತ್ತೆ ಯಾರು ತೆಗೆಯುವುದು?

ಇನ್ನು ಬಿಂಬಲಕಾಯಿ. ಹಿತ್ತಲಲ್ಲಿ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ ಹಸಿರು ಕಾಯಿ, ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ ಅಲ್ವಾ? ಅತ್ತೆ ಇದರಿಂದ ದೇವರ ಹಿತ್ತಾಳೆ ಪಾತ್ರೆ ತಿಕ್ಕುತ್ತಾರೆ. ಮೂರು ಕಾಯಿ ಜಜ್ಜಿ, ರಸವನ್ನು ತಿರುಳಿನ ಸಮೇತ ಶಾಯಿ ಕಲೆಗೆ ಹಾಕಿದೆ. ಹತ್ತು ನಿಮಿಷದಲ್ಲಿ ಲಿಂಬು ಎರಡು ಸಲ ಮಾಡಿದ ಕೆಲಸ ಮುಗಿದಿತ್ತು. ನೀಲಿ ಕಪ್ಪು ಶಾಯಿಯಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ಕಂಡಿತು. ಲಿಂಬು ಹಾಕಿದ ಮೇಲೂ ಕಂದು ಛಾಯೆ ಉಳಿದಿತ್ತು, ಬಿಂಬಲ ಅದನ್ನೂ ತೆಗೆಯಿತು. ಹಳೇ ಪದ್ಧತಿಯ ನೀಲಿ ಕಪ್ಪು ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಿಂಬಲದಲ್ಲಿರುವ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಒಣಗಿಸಿದಾಗ ಬಟ್ಟೆಗೆ ಹತ್ತುವ ತುಕ್ಕಿನ ಕಲೆ ಇದರಿಂದ ಹೋಗುವುದೂ ಇದೇ ಕಾರಣಕ್ಕೆ.

ಹಾಗಂತ ಹಚ್ಚಿ ಮರೆತುಬಿಡಬಾರದು. ಜೋರು ಹುಳಿ, ಬಟ್ಟೆಯಲ್ಲೇ ಒಣಗಿದರೆ ಕಾಟನ್ ನೂಲು ದುರ್ಬಲ ಆಗುತ್ತದೆ. ಹದಿನೈದು ನಿಮಿಷ ಸಾಕು, ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಕೈಯಲ್ಲಿ ಗಾಯ ಇದ್ದರೆ ಚುರ್ ಅನ್ನುತ್ತದೆ. ರೇಷ್ಮೆಗೆ ನಾನು ಹಾಕಿ ನೋಡಿಲ್ಲ, ಹಾಕುವುದೂ ಇಲ್ಲ. ಮತ್ತೆ ಇದನ್ನು ದಯವಿಟ್ಟು ನೆನಪಿಡಿ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಲಿಂಬು, ಬಿಂಬಲ, ವಿನೆಗರ್, ಯಾವ ಹುಳಿಯನ್ನೂ ಅದರ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಬಾಲ್ ಪೆನ್ನಿನ ಮುಂದೆ ಬಿಂಬಲವೂ ಸೋತಿತು. ಅಲ್ಲಿ ಗೆದ್ದದ್ದು ಆಯಿಯ ಅಂಟವಾಳ, ಆದರೆ ತೆಂಗಿನೆಣ್ಣೆಯ ಜೊತೆ. ಜಿಡ್ಡನ್ನು ಜಿಡ್ಡೇ ಬಿಡಿಸಬೇಕು. ನಾಲ್ಕು ಹನಿ ಎಣ್ಣೆ ಬಿಟ್ಟು ಇಪ್ಪತ್ತು ನಿಮಿಷ ಬಿಟ್ಟೆ. ಕಲೆಯ ಅಡಿಗೆ ಹಳೇ ಬಟ್ಟೆ ಇಟ್ಟು ಮೇಲಿಂದ ಒತ್ತಿದರೆ ನೀಲಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಕೆಳಗಿನ ಬಟ್ಟೆಯ ಜಾಗ ಬದಲಿಸುತ್ತಾ ಇರಬೇಕು, ಇಲ್ಲದಿದ್ದರೆ ಇಳಿದ ಬಣ್ಣ ಮತ್ತೆ ಮೇಲೆ ಬರುತ್ತದೆ. ಆಮೇಲೆ ನೆನೆಸಿದ ಅಂಟವಾಳದ ನೊರೆ. ಅದರಲ್ಲಿರುವ ಸಪೋನಿನ್ ಎಂಬ ವಸ್ತು ಸಾಬೂನಿನ ಹಾಗೆ ಎಣ್ಣೆಯನ್ನು ನೀರಿಗೆ ಸೇರಿಸುತ್ತದೆ. ಎಣ್ಣೆ ಹೋಗುವಾಗ ಜೊತೆಗೆ ಬಣ್ಣವೂ ಹೊರಟಿತು. ಮೂರು ಸಲ ಮಾಡಬೇಕಾಯಿತು. ಪೂರ್ತಿ ಹೋಗಲಿಲ್ಲ, ಒಂದು ಮಾಸಲು ಗೆರೆ ಉಳಿಯಿತು. ಬರೀ ಅಂಟವಾಳ ಹಾಕಿದ ತುಂಡಿನಲ್ಲಿ ಗೆರೆ ಚೂರೂ ಕದಲಿರಲಿಲ್ಲ.

ಆಯಿಗೆ ಫೋನ್ ಮಾಡಿ ಹೇಳಿದೆ. ಆಯಿ ಕೇಳಿದ್ದು ಒಂದೇ, "ಬಿಸಿನೀರು ಹಾಕಿದ್ಯಾ?" ಹಾಕಿರಲಿಲ್ಲ. ಅದು ಮೂರೂ ಪೆನ್ನಿಗೆ ಸೇರಿದ ಮಾತು. ಕಲೆ ಹೋಗುವವರೆಗೆ ಬಿಸಿನೀರೂ ಬೇಡ, ಇಸ್ತ್ರಿಯೂ ಬೇಡ. ಬಿಸಿ ತಾಗಿದ ಕಲೆ ಬಟ್ಟೆಯನ್ನು ಬಿಡುವುದಿಲ್ಲ.

ನಿಜ ಹೇಳಬೇಕೆಂದರೆ ಬಾಲ್ ಪೆನ್ನಿಗೆ ಸ್ಪಿರಿಟ್‌ನಷ್ಟು ಚೆನ್ನಾಗಿ ಅಡುಗೆಮನೆಯ ಯಾವುದೂ ಕೆಲಸ ಮಾಡಲಿಲ್ಲ. 2020ರಲ್ಲಿ ತಂದಿಟ್ಟ ಸ್ಯಾನಿಟೈಸರ್ ಬಾಟಲಿಯಲ್ಲಿ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಹಾಕಿದೆ, ಐದು ನಿಮಿಷದಲ್ಲಿ ಗೆರೆ ಕರಗಿ ಇಳಿಯಿತು. ಜೆಲ್ ಪೆನ್ನಿನ ಕಲೆಗೆ ಅದೂ ಆಗಲಿಲ್ಲ. ಹಸಿ ಇರುವಾಗಲೇ ನಲ್ಲಿ ನೀರಿನ ಕೆಳಗೆ, ಬಟ್ಟೆಯ ಹಿಂಬದಿಯಿಂದ ತೊಳೆದ ತುಂಡು ಮಾತ್ರ ಸುಮಾರಾಗಿ ಉಳಿಯಿತು. ಮಗನಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಜೆಲ್ ತಾಗಿದರೆ ಮನೆಗೆ ಬರುವವರೆಗೆ ಕಾಯಬೇಡ, ಶಾಲೆಯ ನಲ್ಲಿಯಲ್ಲೇ ತೊಳೆ.

ಅತ್ತೆ ಇನ್ನೊಂದು ಕಲೆ ತೋರಿಸಿದರು. 2024ರ ಮೇ 7ರಂದು ಓಟು ಹಾಕಿ ಬರುವಾಗ ಬೆರಳಿನ ಶಾಯಿ ಸೆರಗಿಗೆ ತಾಗಿತ್ತು. ಅದನ್ನು ಯಾವುದರಿಂದಲೂ ತೆಗೆಯಲು ಆಗಲಿಲ್ಲ. ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮಾಡಿಕೊಡುತ್ತಿರುವ ಆ ಶಾಯಿಯಲ್ಲಿ ಬೆಳ್ಳಿಯ ಲವಣ, ಅಂದರೆ ಸಿಲ್ವರ್ ನೈಟ್ರೇಟ್ ಇದೆ. ಅದಕ್ಕೆ ಉಪ್ಪು ತಾಗಿದರೆ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ಅಂದರೆ ಶಾಲೆಯ ಅಂಗಿಗೆ ಒಳ್ಳೆಯದಾದ ಉಪ್ಪು, ಬಿಸಿಲು ಎರಡೂ ಇಲ್ಲಿ ಬೇಡ. ಅತ್ತೆ ಆ ಸೀರೆಯನ್ನು ಹಾಗೇ ಉಡುತ್ತಿದ್ದಾರೆ.

ಈಗ ನಮ್ಮ ಬಚ್ಚಲಲ್ಲಿ ಎರಡು ಡಬ್ಬಿ ಇವೆ, ಒಂದರಲ್ಲಿ ಅಂಟವಾಳ, ಇನ್ನೊಂದರಲ್ಲಿ ತೆಂಗಿನೆಣ್ಣೆ. ಬಿಂಬಲ ವರ್ಷವಿಡೀ ಸಿಗುವುದಿಲ್ಲ. ಹಾಗಾಗಿ ಕಾಯಿ ಜಾಸ್ತಿ ಇದ್ದಾಗ ರಸ ಹಿಂಡಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟೆ. ಹೋದ ವಾರ ಮತ್ತೆ ಜೇಬಿನ ಕೆಳಗೆ ನೀಲಿ. ಎರಡು ತುಂಡು ಕರಗಿಸಿ ಹಾಕಿದೆ. ತಾಜಾ ಕಾಯಿಗೆ ಹತ್ತು ನಿಮಿಷ ಸಾಕಾಗಿತ್ತು, ಇದಕ್ಕೆ ಹದಿನೈದು ಬೇಕಾಯಿತು. ಕಲೆ ಹೋಯಿತು.