ಮೂರು ಸಲ ಮನೆ ಬದಲಿಸಿದೆ: ರಿಟರ್ನ್ ಗಾಡಿ, ಪ್ಯಾಕರ್ಸ್ ಕಂಪನಿ, ಛೋಟಾ ಹಾಥಿ

ಐದು ವರ್ಷದಲ್ಲಿ ಮೂರು ಸಲ ಮನೆ ಬದಲಿಸಿದ್ದೇನೆ, ಮೂರೂ ಸಲ ಗಡಿಬಿಡಿಯಲ್ಲಿ. ಮೊದಲೆರಡು ಬ್ಯಾಂಕಿನ ವರ್ಗಾವಣೆ: ವಿಜಯಪುರದಿಂದ ಬಾಗಲಕೋಟೆ, ಅಲ್ಲಿಂದ ಬೆಳಗಾವಿ. ಮೂರನೆಯದು ಬೆಳಗಾವಿಯಲ್ಲೇ, ಟಿಳಕವಾಡಿಯಿಂದ ಹನುಮಾನ ನಗರಕ್ಕೆ. ಮಾಲೀಕರ ಮಗನ ಮದುವೆ ಗಟ್ಟಿಯಾಯಿತು, ಮನೆ ಬೇಕು ಅಂದರು. ಪ್ರತಿ ಸಲ ಕೈಯಲ್ಲಿದ್ದದ್ದು ಮೂರೋ ನಾಲ್ಕೋ ದಿನ. ಸಾಮಾನು ಹೆಚ್ಚುಕಡಿಮೆ ಅವೇ: ಎರಡು ಕಾಟು, ಫ್ರಿಜ್, ವಾಷಿಂಗ್ ಮಷಿನ್, ಎರಡು ಉಪ್ಪಿನಕಾಯಿ ಭರಣಿ, ಅತ್ತೆಯವರ ಕಾಲದ ಕಬ್ಬಿಣದ ತಿಜೋರಿ, ಅಂದರೆ ಬಟ್ಟೆ ಇಡುವ ಬೀರು. ಈ ತಿಜೋರಿಯನ್ನು ನೆನಪಿಟ್ಟುಕೊಳ್ಳಿ. ಯಾರ ಕೆಲಸ ಹೇಗೆ ಅಂತ ಹೇಳಿದ್ದು ಅದೇ.

ಎಲ್ಲಕ್ಕಿಂತ ಅಗ್ಗದ್ದು ರಿಟರ್ನ್ ಗಾಡಿ. ಮಾಲು ಇಳಿಸಿ ಖಾಲಿ ವಾಪಸ್ ಹೋಗುವ ಗಾಡಿ ಅದು. ನಮಗೆ ಸಿಕ್ಕಿದ್ದು ಬೀಳಗಿ ಕಡೆಯಿಂದ ವಿಜಯಪುರದ ಎಪಿಎಂಸಿಗೆ ಉಳ್ಳಾಗಡ್ಡಿ ತರುವ ಟಾಟಾ 407 ಲಾರಿ. ಬೇರೆಯವರು ಬಾಗಲಕೋಟೆಗೆ 6,500 ಕೇಳಿದ್ದರು. ಇವನು 3,500ಕ್ಕೆ ಒಪ್ಪಿದ. ಆದರೆ ಇಂಥ ಗಾಡಿಯ ಟೈಮು ನಮ್ಮ ಕೈಯಲ್ಲಿರುವುದಿಲ್ಲ, ಮೊದಲಿನ ಮಾಲು ಇಳಿಯುವವರೆಗೆ ಕಾಯಲೇಬೇಕು. ಬೆಳಗ್ಗೆ ಎಂಟಕ್ಕೆ ಬರುತ್ತೇನೆ ಅಂದವನು ಒಂಬತ್ತೂವರೆಗೆ ಫೋನ್ ಎತ್ತಿ, "ಬಂದೆ ರೀ ಅಕ್ಕಾರ, ಕೊಲ್ಹಾರ ಬ್ರಿಜ್ ಮ್ಯಾಲ ಅದೀನಿ" ಅಂದ. ಹನ್ನೊಂದಕ್ಕೆ ಕೇಳಿದರೂ ಬ್ರಿಜ್ ಮೇಲೆಯೇ! ಕೃಷ್ಣೆಯ ಆ ಸೇತುವೆ ಸುಮಾರು 3 ಕಿ.ಮೀ. ಉದ್ದ ಇದೆ ನಿಜ, ಆದರೂ ಅಷ್ಟು ಹೊತ್ತಾ? ಉಳ್ಳಾಗಡ್ಡಿ ತೂಕ ಎಲ್ಲ ಮುಗಿಸಿ ಮನೆ ಮುಂದೆ ಬಂದಾಗ ಮಧ್ಯಾಹ್ನ ಮೂರು. ಬಾಗಲಕೋಟೆಯ ನವನಗರ ಮುಟ್ಟಿದಾಗ ರಾತ್ರಿ ಒಂಬತ್ತು.

ಆ ಹೊತ್ತಿನಲ್ಲಿ ಹಮಾಲರು ಎಲ್ಲಿ ಸಿಗಬೇಕು? ಡ್ರೈವರ್, ಕ್ಲೀನರ್, ನಮ್ಮವರು, ಪಕ್ಕದ ಮನೆಯ ಕಾಲೇಜು ಹುಡುಗ ಸೇರಿ ಇಳಿಸಿದರು. ತಿಜೋರಿಯನ್ನು ಎಳೆದೇ ಒಳಗೆ ತಂದರು. ಒಂದು ಬದಿಯ ಬಣ್ಣ ಉದ್ದಕ್ಕೆ ಕಿತ್ತು ಹೋಯಿತು. ಫ್ರಿಜ್ಜನ್ನು ಅಡ್ಡ ಮಲಗಿಸಿ ತಂದಿದ್ದರು. ಹಾಗೆ ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಹರಿಯುತ್ತದೆ, ತಕ್ಷಣ ಹಚ್ಚಬಾರದು. ರಾತ್ರಿಯೆಲ್ಲ ನೆಟ್ಟಗೆ ನಿಲ್ಲಿಸಿಟ್ಟು ಬೆಳಗ್ಗೆ ಹಚ್ಚಿದೆವು. ಗಾದಿಯ ಉಳ್ಳಾಗಡ್ಡಿ ವಾಸನೆ ಹೋಗಲು ಹದಿನೈದು ದಿನ ಬೇಕಾಯಿತು.

ಆ ಸಿಟ್ಟಿಗೆ ಮುಂದಿನ ಸಲ ಕಂಪನಿಯವರನ್ನು ಹಿಡಿದೆ. ಡಿಸೆಂಬರ್ ತಿಂಗಳು, ಕಬ್ಬಿನ ಹಂಗಾಮು. ಆಗ ನಮ್ಮ ಕಡೆ ಲಾರಿ ಸಿಗೋದೇ ಕಷ್ಟ. ಕಂಪನಿ ಅಂದ ಮೇಲೆ ಸ್ವಂತ ಗಾಡಿ ಇರುತ್ತದೆ ಅಂದುಕೊಂಡೆ. ಹುಡುಗರು ಹೇಳಿದ ಟೈಮಿಗೇ ಬಂದರು, ಪ್ಯಾಕಿಂಗ್ ಅಂತೂ ನೋಡುವ ಹಾಗಿತ್ತು. ಗಾಜಿನ ಲೋಟ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ನಿಲ್ಲಿಸಿದರು, ಮಲಗಿಸಲಿಲ್ಲ. ಅರ್ಧ ಖಾಲಿಯಾದ ಫಿನೈಲ್ ಬಾಟಲಿಗೂ ಬಬಲ್ ಶೀಟ್! ತೊಂದರೆ ಗೊತ್ತಾಗಿದ್ದು ಬೆಳಗಾವಿಯಲ್ಲಿ. ಹದಿನೇಳು ಬಾಕ್ಸ್ ಮೇಲೂ ಬರೀ "ಕಿಚನ್" ಅಂತ ಬರೆದಿದ್ದರು. ಹಾಲು ಉಕ್ಕಿಸುವ ಪಾತ್ರೆ ಹನ್ನೊಂದನೆಯ ಬಾಕ್ಸಿನಲ್ಲಿ ಸಿಕ್ಕಿತು.

ದಾರಿಯಲ್ಲಿ ಲೋಕಾಪುರದಲ್ಲಿ ಚಹಾಕ್ಕೆ ನಿಂತಾಗ ಡ್ರೈವರ್ ಜೊತೆ ಮಾತಾಡಿದೆ. "ನಮ್ಮದು ಗದ್ದನಕೇರಿ ಕ್ರಾಸಿನ್ಯಾಗ ನಿಲ್ಲೂ ಗಾಡಿರಿ. ನಿನ್ನೆ ರಾತ್ರಿ ಫೋನ್ ಮಾಡಿದ್ರು, ಎಂಟು ಸಾವಿರಕ್ಕ ಬಂದೇನಿ" ಅಂದ. ನಾನೇ ಕ್ರಾಸಿಗೆ ಹೋಗಿದ್ದರೂ ಅದೇ ಗಾಡಿ ಸಿಗುತ್ತಿತ್ತು, ಅಲ್ವಾ? ಅವಸರದಲ್ಲಿ ಕೇಳಿದರೆ ಕಂಪನಿಯವರೂ ಸ್ಟ್ಯಾಂಡಿಗೇ ಓಡುತ್ತಾರೆ. ಫೋನಿನಲ್ಲಿ ಹೇಳಿದ್ದು 19,000. ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಅಂತ 2,000, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 24,780. ಸಾಮಾನು ಗಾಡಿಯಲ್ಲಿರುವಾಗ ಯಾರು ಜಗಳ ಆಡುತ್ತಾರೆ?

ವಿಮೆ ಅಂತ ಸಾಮಾನಿನ ಬೆಲೆಯ 3% ಬೇರೆ ಕೇಳಿದ್ದರು. ಯಾವ ವಿಮಾ ಕಂಪನಿ, ಪಾಲಿಸಿ ಕಾಗದ ತೋರಿಸಿ ಅಂದೆ. "ನಮ್ಮ ಬಿಲ್‌ನಲ್ಲೇ ಬರುತ್ತೆ ಮೇಡಂ" ಅಂದರು. ಬೇಡ ಅಂದೆ. ಆದರೆ ಬಿಲ್ಟಿ, ಅಂದರೆ ಸಾಗಣೆಯ ರಸೀದಿ, ಬಿಡಲಿಲ್ಲ, ಡ್ಯಾಮೇಜ್ ಅದರ ಮೇಲೇ ಬರೆಸಿದೆ. ಊಟದ ಟೇಬಲ್ಲಿನ ಗಾಜು ಸೀಳಿತ್ತು, ತಿಜೋರಿಯ ಒಂದು ಕೀಲು ಬಾಗಿತ್ತು. ದಪ್ಪ ರಟ್ಟು ಸುತ್ತಿದ್ದರು, ಒಳಗಿನ ಬಟ್ಟೆ ಮಾತ್ರ ತೆಗೆಸಿರಲಿಲ್ಲ. ಎರಡು ತಿಂಗಳು ಫೋನ್ ಮಾಡಿದ ಮೇಲೆ 1,500 ಕೊಟ್ಟರು. ಬಿಲ್ಟಿ ಇಲ್ಲದಿದ್ದರೆ ಅದೂ ಇಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಕೋರ್ಟಿಗೆ ಹೋಗುವ ಮೊದಲು, ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಹೆಚ್ಚಿನ ಬೆಲೆ ಮೊದಲೇ ಬರೆಸದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 407ನವನ ಹತ್ತಿರ ಬಿಲ್ಟಿ ಕೇಳಿದ್ದರೆ ನಕ್ಕುಬಿಡುತ್ತಿದ್ದ.

ಮೂರನೆಯ ಸಲ ಜುಲೈ. ಬೆಳಗಾವಿಯ ಜುಲೈ ಹೇಗಿರುತ್ತದೆ ಅಂತ ಗೊತ್ತಲ್ಲ. ರವಿವಾರ ಪೇಟೆಯಿಂದ ನಾಲ್ಕು ಜನ ಹಮಾಲರು, ತಲೆಗೆ 800. ಒಂದು ಛೋಟಾ ಹಾಥಿ (ಟಾಟಾ ಏಸ್ ಸಣ್ಣ ಗಾಡಿ), ಟ್ರಿಪ್ಪಿಗೆ 900ರಂತೆ ಮೂರು ಟ್ರಿಪ್. ಒಟ್ಟು 5,900. ಪ್ಯಾಕಿಂಗ್ ಪೂರ್ತಿ ನಮ್ಮದೇ, ಎರಡು ರಾತ್ರಿ ನಿದ್ದೆ ಇಲ್ಲ. ಎರಡನೇ ರೈಲ್ವೆ ಗೇಟ್ ಹಾಕಿತ್ತು, ಮಳೆ ಹೊಡೆಯುತ್ತಿತ್ತು, ತಾಡಪತ್ರಿಯಲ್ಲಿ ತೂತು ಬೇರೆ. ಒಂದು ಗಾದಿ ತೊಯ್ದು ತೊಪ್ಪೆ. ತಾಡಪತ್ರಿಯನ್ನು ನಾನು ಮೊದಲೇ ಬಿಡಿಸಿ ನೋಡಬೇಕಿತ್ತು.

ಆದರೆ ತಿಜೋರಿ! ಮೇಸ್ತ್ರಿ ಅದನ್ನು ಒಮ್ಮೆ ತಟ್ಟಿ, "ಖಾಲಿ ಮಾಡ್ರಿ ಅಕ್ಕಾರ. ಸೀರಿ ಹಗುರ ಅಂತೀರಿ, ಐವತ್ತು ಸೀರಿ ಅಂದ್ರ ಒಂದು ಜ್ವಾಳದ ಚೀಲ" ಅಂದ. ಬಾಗಿಲು ತೆರೆಯದ ಹಾಗೆ ಹಗ್ಗ ಬಿಗಿದ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಹಾಕಿಕೊಂಡು ಹೊತ್ತೇಬಿಟ್ಟ. ಹಿಂದಿನವನು ಮೇಲಿನ ಮೆಟ್ಟಿಲಿಂದ ಆನಿಸಿ ಹಿಡಿದಿದ್ದ. ತಿರುವಿನಲ್ಲಿ ಗೋಡೆಗೂ ತಿಜೋರಿಗೂ ನಡುವೆ ಎರಡು ಬೆರಳು ಜಾಗ. ಹಿಂದಿನವನು ಅಲ್ಲಿ ತನ್ನ ಮುಂಗೈ ಅಡ್ಡ ಇಟ್ಟ. ತರಚಿದ್ದು ಅವನ ಮುಂಗೈ. ತಿಜೋರಿಗೆ ಗೀರೂ ಬೀಳಲಿಲ್ಲ. ಅವನಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟೆ. ಈಗ ಕಡಿಮೆಯಾಯಿತು ಅನ್ನಿಸುತ್ತದೆ.

ಊರೊಳಗೇ ಆದರೆ ನಾನು ಹಮಾಲರು, ಛೋಟಾ ಹಾಥಿ ಬಿಟ್ಟು ಬೇರೆ ಯೋಚನೆ ಮಾಡುವುದಿಲ್ಲ. ರಿಟರ್ನ್ ಗಾಡಿ ಸಾಮಾನು ಕಡಿಮೆ ಇರುವ ಒಂಟಿ ಜೀವಕ್ಕೆ ಪರವಾಗಿಲ್ಲ, ಮಕ್ಕಳಿದ್ದವರಿಗೆ ಬೇಡ. ಊರಿಂದ ಊರಿಗೆ ಹೊರಟರೆ ಕಂಪನಿಯವರಿಂದ ಅಡುಗೆಮನೆ, ಟಿವಿ ಇಷ್ಟನ್ನೇ ಪ್ಯಾಕ್ ಮಾಡಿಸುತ್ತೇನೆ. ಬರೀ ಪ್ಯಾಕಿಂಗ್ ಮಾಡುತ್ತೀರಾ ಅಂತ ಇಬ್ಬರನ್ನು ಕೇಳಿದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಫೋನ್ ಇಟ್ಟರು. ಗಾಡಿಗೆ ನಾನೇ ಸ್ಟ್ಯಾಂಡಿಗೆ ಹೋಗುತ್ತೇನೆ. ಇಳಿಸುವ ಊರಿನಲ್ಲಿ ಹಮಾಲರನ್ನು ಹಿಂದಿನ ದಿನವೇ ಗೊತ್ತು ಮಾಡಿ, ಬಾಕ್ಸ್ ಮೇಲೆ ಒಳಗೇನಿದೆ ಅಂತ ನಾನೇ ಬರೆಯುತ್ತೇನೆ. ಉಪ್ಪಿನಕಾಯಿ ಭರಣಿಗಳನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಮೂರೂ ಸಲ ಅವು ಕಾರಿನಲ್ಲಿ ನನ್ನ ಕಾಲ ಹತ್ತಿರವೇ ಕೂತು ಬಂದಿವೆ.